ಅಮ್ಮ ಉರುಳಿದ್ದು ಯಾರ ಎಲೆಯ ಮೇಲೆ

ನನ್ನ ಅಮ್ಮ ಮಡೆಸ್ನಾನ ಮಾಡಿದ್ದಾಳೆ, ಬೇರೆಯವರು ಉಂಡು ಬಿಟ್ಟ ಎಲೆಗಳ ಮೇಲೆ ಉರುಳಿದ್ದಾಳೆ. ನನಗೋಸ್ಕರ. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಮಡೆಸ್ನಾನದ ಬಗ್ಗೆ ಎಷ್ಟೋ ಸಲ ವಾದ ಮಾಡಿದ್ದೇನೆ, ನಿಷೇಧ ಆಗಬೇಕು ಅಂತ ಸಹಿ ಹಾಕಿದ್ದೇನೆ, ಗೆಳೆಯರ ಜೊತೆ ಜಗಳವನ್ನೂ ಆಡಿದ್ದೇನೆ. ಆದರೆ ಈ ಒಂದು ಮಾತನ್ನು ಮಾತ್ರ ಹೊರಗೆ ಬಿಟ್ಟಿರಲಿಲ್ಲ. ಅಮ್ಮನ ಮೇಲೆ ಯಾರಾದರೂ ಕನಿಕರ ತೋರಿಸಿಬಿಟ್ಟರೆ ಅನ್ನುವ ಹೆದರಿಕೆ ಇತ್ತು. ಈಗ ಬರೆಯುತ್ತಿದ್ದೇನೆ, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನನಗೆ ಆಗ ಒಂಬತ್ತು ವರ್ಷ. 1991ರ ಚಳಿಗಾಲ. ಸಕಲೇಶಪುರದ ಹತ್ತಿರದ ನಮ್ಮೂರಿನಿಂದ ಬೆಳಗಿನ ಜಾವದ ಬಸ್ಸು ಹಿಡಿದು, ಶಿರಾಡಿ ಘಾಟಿ ಇಳಿದು, ದಕ್ಷಿಣ ಕನ್ನಡದ ಒಂದು ದೇವಸ್ಥಾನಕ್ಕೆ ಹೋಗಿದ್ದೆವು. ಯಾವ ದೇವಸ್ಥಾನ ಅನ್ನುವುದು ಬೇಡ, ಆ ಕಾಲಕ್ಕೆ ಆ ಕಡೆ ಒಂದಕ್ಕಿಂತ ಜಾಸ್ತಿ ಕಡೆ ಇದು ನಡೆಯುತ್ತಿತ್ತು. ಘಾಟಿಯಲ್ಲಿ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಅಮ್ಮ ಉಪವಾಸ ಇದ್ದಳು.

ನನ್ನ ಎರಡೂ ಅಂಗೈಗೆ ಇಸುಬು ಆಗಿತ್ತು. ಚರ್ಮ ಒಣಗಿ, ಬಿರಿದು, ಬೆರಳಿನ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಪೆನ್ಸಿಲ್ ಹಿಡಿದರೆ ಉರಿ. ರಾತ್ರಿ ಕೆರೆದುಕೊಳ್ಳಬಾರದು ಅಂತ ಅಮ್ಮ ಹಳೇ ಸೀರೆಯ ತುಂಡಿನಲ್ಲಿ ಎರಡೂ ಕೈ ಕಟ್ಟಿ ಮಲಗಿಸುತ್ತಿದ್ದಳು. ಶಾಲೆಯಲ್ಲಿ ನನ್ನ ನೀರಿನ ಲೋಟವನ್ನು ಬೇರೆ ಇಟ್ಟರು. ಊರಿನ ನಾಟಿ ಔಷಧಿ ಆಯಿತು, ಪೇಟೆಯ ಡಾಕ್ಟರರ ಮುಲಾಮು ಆಯಿತು, ಹಚ್ಚಿದಷ್ಟು ದಿನ ಕಮ್ಮಿ, ಬಿಟ್ಟ ಮೇಲೆ ಮತ್ತೆ ಅದೇ. ಚರ್ಮದ ಡಾಕ್ಟರರನ್ನೇ ನೋಡಬೇಕು ಅಂದರೆ ಹಾಸನಕ್ಕೆ ಹೋಗಬೇಕಿತ್ತು, ಅದಕ್ಕೆ ಒಂದು ದಿನದ ಕೂಲಿ ಹೋಗುತ್ತಿತ್ತು, ಮೇಲೆ ಬಸ್ಸಿನ ದುಡ್ಡು, ಔಷಧಿಯ ದುಡ್ಡು. ಯಾರೋ ಪಕ್ಕದ ಮನೆಯವರು ಹೇಳಿದರು, ಇದು ಸರ್ಪದೋಷ, ಮಡೆಸ್ನಾನದ ಹರಕೆ ಹೊತ್ತುಕೋ ಅಂತ. ಅಮ್ಮ ಅವತ್ತೇ ಹೊತ್ತುಕೊಂಡಳು.

ತುಳುವಿನಲ್ಲಿ ಮಡೆ ಅಂದರೆ ಎಂಜಲು. ದೇವಸ್ಥಾನದಲ್ಲಿ ಬ್ರಾಹ್ಮಣರ ಪಂಕ್ತಿಯ ಊಟ ಮುಗಿದ ಮೇಲೆ, ಅವರು ಉಂಡು ಬಿಟ್ಟ ಬಾಳೆ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುವುದು. ಆಮೇಲೆ ಸ್ನಾನ. ಚರ್ಮರೋಗ ಹೋಗುತ್ತದೆ, ಮಕ್ಕಳಾಗುತ್ತವೆ ಅನ್ನುವ ನಂಬಿಕೆ.

ನಾವು ಹೊರಗೆ ಕಾಯುತ್ತಾ ನಿಂತಿದ್ದೆವು. ಸಾರಿನ ಪರಿಮಳ ಬರುತ್ತಿತ್ತು, ನನಗೆ ಹಸಿವು. ಅಮ್ಮ ಆಗಲೇ ತಲೆ ಮೇಲೆ ನೀರು ಹೊಯ್ದುಕೊಂಡು ಒದ್ದೆ ಸೀರೆಯಲ್ಲಿ ನಡುಗುತ್ತಿದ್ದಳು. ಗಾಜಿನ ಬಳೆಗಳನ್ನು ಬಿಚ್ಚಿ, ಒಡೆದರೆ ಎಲ್ಲರ ಮೈಗೂ ಚುಚ್ಚುತ್ತವೆ ಅಂತ ಕರ್ಚೀಫಿನಲ್ಲಿ ಗಂಟು ಕಟ್ಟಿ ನನ್ನ ಕೈಯಲ್ಲಿಟ್ಟಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ನೆಲಕ್ಕೆ ಮಲಗಿ, ಕೈ ಮುಗಿದು ತಲೆಯ ಮೇಲಕ್ಕೆ ಚಾಚಿ, ಉರುಳಲು ಶುರು ಮಾಡಿದಳು. ಎಲೆಗಳು ಜಾರುತ್ತಿದ್ದವು. ಒಂದು ಎಲೆ ಬೆನ್ನಿಗೆ ಅಂಟಿಕೊಂಡು ಅವಳ ಜೊತೆಗೇ ಎರಡು ಸುತ್ತು ಬಂತು. ಸೀರೆಯ ತುಂಬ ಸಾರು, ಮಜ್ಜಿಗೆ. ಕಣ್ಣು ಮುಚ್ಚಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಕಂಬದ ಹತ್ತಿರ ಒಬ್ಬ ಹುಡುಗ ನಿಂತಿದ್ದ. ನನ್ನದೇ ವಯಸ್ಸು ಇರಬೇಕು. ಆಗ ತಾನೇ ಊಟ ಮುಗಿಸಿ ಕೈ ತೊಳೆದು ಅವರಪ್ಪನ ಪಕ್ಕ ನಿಂತು ನೋಡುತ್ತಿದ್ದ. ನಗುತ್ತಿರಲಿಲ್ಲ, ಸುಮ್ನೆ ನೋಡುತ್ತಿದ್ದ. ಅಮ್ಮ ಉರುಳಿದ ಎಲೆಗಳಲ್ಲಿ ಒಂದು ಅವನದೂ ಇದ್ದಿರಬೇಕು. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಆಮೇಲೆ ನಾನು ತಲೆ ಬಗ್ಗಿಸಿ ಕರ್ಚೀಫಿನ ಗಂಟು ನೋಡುತ್ತಾ ನಿಂತೆ.

ಸ್ನಾನ ಆದ ಮೇಲೆ ಅಮ್ಮ ತುಂಬ ಖುಷಿಯಾಗಿದ್ದಳು. ಇದು ನನಗೆ ಚೆನ್ನಾಗಿ ನೆನಪಿದೆ. ದೊಡ್ಡ ಸಾಲ ತೀರಿಸಿ ಬಂದವರ ಥರ ಮುಖ ಹಗುರಾಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಅವಳ ಜಡೆಯಲ್ಲಿ ಒಂದು ಅನ್ನದ ಅಗುಳು ಉಳಿದಿತ್ತು. ಹಿಂದಿನ ಸೀಟಿನವರಿಗೆ ಕಾಣಿಸಬಾರದು ಅಂತ ನಾನು ಅದನ್ನು ಮೆಲ್ಲಗೆ ತೆಗೆದು ಕಿಟಕಿಯಿಂದ ಆಚೆ ಹಾಕಿದೆ.

ಇಷ್ಟನ್ನು ಮೊದಲು ಹೇಳಿದ್ದು ಯಾಕೆಂದರೆ, ಈ ವಿಷಯದಲ್ಲಿ ಎರಡೂ ಕಡೆಯವರ ಮಾತು ಕೇಳುವಾಗ ನನ್ನ ತಲೆಯಲ್ಲಿ ಇರುವುದು ಈ ಎರಡು ಚಿತ್ರಗಳು. ಕಂಬದ ಹತ್ತಿರದ ಆ ಹುಡುಗ, ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ ಅಮ್ಮ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ನನಗೆ ಆಗುವುದಿಲ್ಲ.

2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕಾಯ್ದೆ ಪಾಸಾಯಿತು. ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಮೌಢ್ಯ ನಿಷೇಧ ಕಾಯ್ದೆ ಅಂತ ನಾವೆಲ್ಲ ಕರೆಯುವುದು ಇದನ್ನೇ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಮಡೆಸ್ನಾನವೂ ಅದರ ಪಟ್ಟಿಯಲ್ಲಿತ್ತು. ಕಾಯ್ದೆ ಪಾಸಾದ ದಿನ ನನಗೆ ನಿಜವಾಗಿಯೂ ಖುಷಿಯಾಯಿತು. ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ನಂಗೆ ಯಾರೂ ಮಾಡು ಅಂದಿರ್ಲಿಲ್ಲ ಕಣೋ. ನಾನೇ ಹೊತ್ತಿದ್ದು. ಈಗ ನನ್ನನ್ನೂ ಹಿಡ್ಕೊಂಡು ಹೋಗ್ತಾರಾ?"

ಇಲ್ಲ ಅಂತ ಹೇಳಿದೆ. ಆದರೆ ಅವಳು ಕೇಳಿದ್ದು ಆ ಪ್ರಶ್ನೆಯನ್ನಲ್ಲ ಅಂತ ಆಗಲೇ ಗೊತ್ತಾಗಿತ್ತು. ನಾನು ಮನಸಾರೆ ಮಾಡಿದ್ದನ್ನು ತಪ್ಪು ಅನ್ನುವುದಕ್ಕೆ ನೀವೆಲ್ಲ ಯಾರು, ಅಂತ ಅವಳು ಕೇಳುತ್ತಿದ್ದಳು.

ಇದು ಅವಳೊಬ್ಬಳ ಪ್ರಶ್ನೆ ಆಗಿದ್ದರೆ ನಾನು ಏನೋ ಸಮಾಧಾನ ಹೇಳಿ ಮುಗಿಸುತ್ತಿದ್ದೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಏನಾಯಿತು ನೋಡಿ. ಅಲ್ಲಿ ಚಂಪಾಷಷ್ಠಿಯ ಸಮಯದಲ್ಲಿ, ಚೌತಿ, ಪಂಚಮಿ, ಷಷ್ಠಿ, ಮೂರು ದಿನ ಮಡೆಸ್ನಾನ ನಡೆಯುತ್ತಿತ್ತು, ಆಮೇಲೆ ಕುಮಾರಧಾರಾ ಹೊಳೆಯಲ್ಲಿ ಮುಳುಗು. ಅಲ್ಲಿನ ತೇರಿಗೆ ಬಿದಿರು, ಬೆತ್ತದ ಕೆಲಸ ಮಾಡುವವರು ಮಲೆಕುಡಿಯರು, ಕಾಡಿನಂಚಿನ ಬುಡಕಟ್ಟಿನವರು. 2011ರ ಹೊತ್ತಿಗೆ ಮಡೆಸ್ನಾನ ನಿಲ್ಲಿಸುವ ಮಾತು ಜೋರಾದಾಗ, ನಿಲ್ಲಿಸಿದರೆ ನಾವು ತೇರಿನ ಕೆಲಸಕ್ಕೇ ಬರುವುದಿಲ್ಲ ಅಂದವರು ಅವರೇ. ಇದು ನಮ್ಮ ಹಕ್ಕು, ನಮ್ಮ ಹಿರಿಯರು ನಡೆಸಿಕೊಂಡು ಬಂದ ಹರಕೆ ಅಂದರು. ಅದೇ ವರ್ಷ ಅಲ್ಲಿಗೆ ವಿರೋಧಿಸಲು ಹೋದ ಹಿಂದುಳಿದ ವರ್ಗಗಳ ಮುಖಂಡರೊಬ್ಬರ ಮೇಲೆ ಹಲ್ಲೆಯೂ ನಡೆಯಿತು. ಯಾರ ಮರ್ಯಾದೆ ಉಳಿಸಲು ಚಳವಳಿಯವರು ಬೀದಿಗಿಳಿದಿದ್ದರೋ, ಅವರೇ ಎದುರು ನಿಂತು ನೀವು ಸುಮ್ಮನಿರಿ ಅಂದರೆ ಏನು ಮಾಡಬೇಕು?

ಕೋರ್ಟುಗಳೂ ಇದರಲ್ಲಿ ಹಿಂದೆ ಮುಂದೆ ಓಡಾಡಿದವು. ಯಾರೂ ಉಣ್ಣದ, ದೇವರ ನೈವೇದ್ಯ ಬಡಿಸಿದ ಎಲೆಗಳ ಮೇಲೆ ಉರುಳಲಿ, ಅದಕ್ಕೆ ಎಡೆಸ್ನಾನ ಅನ್ನೋಣ ಅಂತ ಸರ್ಕಾರ ಹೇಳಿತು, 2012ರಲ್ಲಿ ಹೈಕೋರ್ಟು ಒಪ್ಪಿತು, ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2014ರಲ್ಲಿ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿ ಮಡೆಸ್ನಾನಕ್ಕೇ ತಡೆ ಬಿತ್ತು.

ನನ್ನ ಗೆಳೆಯರಲ್ಲಿ ಒಬ್ಬರು, ಪುಸ್ತಕ ಓದಿಕೊಂಡವರು, ಯಾವಾಗಲೂ ಒಂದು ಮಾತು ಹೇಳುತ್ತಾರೆ. ದೊಡ್ಡವರು, ತಿಳಿದವರು, ತಮ್ಮ ಮೈಯನ್ನು ತಾವು ಏನು ಬೇಕಾದರೂ ಮಾಡಿಕೊಳ್ಳಲಿ, ಬೇರೆಯವರಿಗೆ ತೊಂದರೆ ಆಗದಿದ್ದರೆ ಸರ್ಕಾರ ಮೂಗು ತೂರಿಸಬಾರದು ಅಂತ. ಕೇಳಲು ಸರಿಯಾಗೇ ಇದೆ. ನಾನೂ ಎಷ್ಟೋ ವಿಷಯದಲ್ಲಿ ಹಾಗೇ ಯೋಚಿಸುತ್ತೇನೆ. ಯಾರು ಏನು ತಿನ್ನಬೇಕು, ಯಾರನ್ನು ಮದುವೆ ಆಗಬೇಕು, ಏನು ಉಡಬೇಕು, ಯಾವ ದೇವರಿಗೆ ಕೈ ಮುಗಿಯಬೇಕು, ಮುಗಿಯಬಾರದು, ಇದರಲ್ಲೆಲ್ಲ ಸರ್ಕಾರಕ್ಕೆ ಏನು ಕೆಲಸ? ಇನ್ನೊಬ್ಬ ಗೆಳೆಯ, ಚಳವಳಿಯಲ್ಲಿ ಬೆಳೆದವನು, ತಕ್ಷಣ ಉರಿದುಬೀಳುತ್ತಾನೆ. ಗುಲಾಮನಿಗೆ ಸರಪಳಿ ಅಭ್ಯಾಸ ಆಗಿದೆ ಅಂತ ಸರಪಳಿಯನ್ನು ಅವನ ಇಷ್ಟ ಅನ್ನುತ್ತೀರಾ ಅಂತ ಕೇಳುತ್ತಾನೆ. ಅವನ ಮಾತಿನಲ್ಲೂ ಸತ್ಯ ಇದೆ. ಆದರೆ ಅವನು ಹಾಗೆ ಹೇಳಿದಾಗೆಲ್ಲ ನನಗೆ ಒಳಗೆ ಚುಚ್ಚುತ್ತದೆ. ನನ್ನ ಅಮ್ಮ ಗುಲಾಮಳಾಗಿರಲಿಲ್ಲ. ನಮ್ಮ ಮನೆಯ ಎಲ್ಲ ತೀರ್ಮಾನಗಳೂ ಅವಳದ್ದೇ. ಅಪ್ಪ ಕುಡಿದು ಬಂದ ದಿನ ಬಾಗಿಲು ತೆಗೆಯದೆ ಜಗುಲಿಯಲ್ಲೇ ಮಲಗಿಸಿದ ಹೆಂಗಸು ಅವಳು.

ಹಾಗಾದರೆ ಒಪ್ಪಿಗೆ ಅನ್ನುವುದಕ್ಕೆ ಬೆಲೆ ಎಷ್ಟು? ಇದನ್ನು ನಮ್ಮ ರಾಜ್ಯದ ಕಾನೂನುಗಳು ತುಂಬ ಹಿಂದೆಯೇ ಎದುರಿಸಿವೆ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ಒಮ್ಮೆ ಓದಿ. ಹೆಣ್ಣನ್ನು ದೇವದಾಸಿಯಾಗಿ ಬಿಡುವುದು ಕಾನೂನುಬಾಹಿರ, ಅವಳು ಒಪ್ಪಿರಲಿ, ಒಪ್ಪದೇ ಇರಲಿ, ಅಂತ ನೇರವಾಗಿ ಬರೆದಿದ್ದಾರೆ. ಮುತ್ತು ಕಟ್ಟಿಸಿಕೊಳ್ಳುವ ಹುಡುಗಿ ನಾನೇ ಯಲ್ಲಮ್ಮನಿಗೆ ಒಪ್ಪಿಸಿಕೊಂಡೆ ಅಂದರೂ ಅದು ನಡೆಯುವುದಿಲ್ಲ. ಯಾಕೆಂದರೆ ಎಂಟು ಹತ್ತು ವರ್ಷದ ಹುಡುಗಿಯ ಹೂಂ ಅನ್ನುವ ಮಾತನ್ನು ಅವಳ ಬಾಯಲ್ಲಿ ಇಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. 2000ನೇ ಇಸವಿಯಲ್ಲಿ ಕೊರಗರ, ಅಂದರೆ ಕರಾವಳಿಯ ಒಂದು ಬುಡಕಟ್ಟಿನವರ, ಅಜಲು ಪದ್ಧತಿಯನ್ನು ನಿಷೇಧಿಸಿದರು. ಮನೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಮನೆಯವರ ಕಾಯಿಲೆ ಹೋಗುತ್ತದೆ ಅನ್ನುವ ಪದ್ಧತಿ ಅದು. ಇದೂ ಅದೇ ಕರಾವಳಿ. ಅಲ್ಲೂ ಕಾಯಿಲೆ, ಅಲ್ಲೂ ಅನ್ನ. ಅವರೇ ಬಂದು ತಿನ್ನುತ್ತಾರೆ, ನಾವೇನು ಬಲವಂತ ಮಾಡಿದ್ದೇವಾ, ಅನ್ನುವ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಇಡೀ ಊರೇ ಒಬ್ಬನನ್ನು ಹೊರಗಿಟ್ಟು, ಹೊಟ್ಟೆಗಿಲ್ಲದ ಹಾಗೆ ಮಾಡಿ, ಆಮೇಲೆ ತಟ್ಟೆ ಮುಂದಿಟ್ಟರೆ ಅವನು ತಿನ್ನದೆ ಏನು ಮಾಡುತ್ತಾನೆ?

ಆದರೆ ಅಮ್ಮನ ವಿಷಯ ಇವೆರಡರ ಹಾಗೂ ಇಲ್ಲ. ಅವಳು ಹುಡುಗಿ ಆಗಿರಲಿಲ್ಲ, ಹಸಿದಿರಲೂ ಇಲ್ಲ. ಅದಕ್ಕೇ ನಾನು ಈ ಮೌಢ್ಯ ನಿಷೇಧ ಕಾಯ್ದೆಯನ್ನು ಕೂತು ಓದಿದೆ, ಒಂದೊಂದೇ ಸಾಲು.

ಅದರಲ್ಲಿ ಒಂದು ಸೂಕ್ಷ್ಮ ಇದೆ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಿದ್ದನ್ನು ನಾನು ನೋಡಿಲ್ಲ. ಕೆಂಡ ಹಾಯುವ ವಿಷಯಕ್ಕೆ ಬಂದಾಗ ಕಾಯ್ದೆ ಬಲವಂತ ಅನ್ನುವ ಮಾತು ಬಳಸುತ್ತದೆ. ಯಾರನ್ನಾದರೂ ಬಲವಂತವಾಗಿ ಕೆಂಡ ಹಾಯಿಸಿದರೆ ಅಪರಾಧ. ನೀವಾಗಿ ಹಾಯ್ದರೆ ಅದು ನಿಮಗೆ ಬಿಟ್ಟಿದ್ದು. ಆದರೆ ಎಂಜಲೆಲೆಯ ಮೇಲೆ ಉರುಳುವ ವಿಷಯದಲ್ಲಿ ಬಲವಂತ ಅನ್ನುವ ಶಬ್ದವೇ ಇಲ್ಲ. ಅದಕ್ಕೆ ಅನುಕೂಲ ಮಾಡಿಕೊಡುವುದೇ ಅಪರಾಧ. ಅಂದರೆ ಎಲೆ ಹಾಸಿ, ಊಟ ಹಾಕಿ, ಜಾಗ ಬಿಟ್ಟು, ಬನ್ನಿ ಉರುಳಿ ಅನ್ನುವವರು ಸಿಕ್ಕಿಬೀಳುತ್ತಾರೆ. ಉರುಳಿದವಳು ತಾನೇ ಬಂದಳಾ, ಕರೆದರಾ ಅನ್ನುವುದನ್ನು ಕಾನೂನು ಕೇಳುವುದೇ ಇಲ್ಲ.

ಮೊದಲು ಓದಿದಾಗ ಇದು ವಿಚಿತ್ರ ಅನ್ನಿಸಿತು. ಕೆಂಡ ಹಾಯ್ದರೆ ಕಾಲು ಸುಡುತ್ತದೆ, ಎಲೆಯ ಮೇಲೆ ಉರುಳಿದರೆ ಮೈಗೆ ಏನೂ ಆಗುವುದಿಲ್ಲ, ಸ್ನಾನ ಮಾಡಿದರೆ ಮುಗಿಯಿತು. ಹಾಗಿದ್ದ ಮೇಲೆ ಸುಡುವುದನ್ನು ಅವರವರ ಇಷ್ಟಕ್ಕೆ ಬಿಟ್ಟು, ಸುಡದೇ ಇರುವುದನ್ನು ಪೂರ್ತಿ ನಿಲ್ಲಿಸಿದ್ದು ಯಾಕೆ? ತುಂಬ ದಿನ ಇದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಅಡುಗೆ ಮಾಡುವಾಗ, ಆಫೀಸಿಗೆ ಹೋಗುವಾಗ. ಉತ್ತರ ಹೊಳೆದಿದ್ದು ಆ ಹುಡುಗನಿಂದ, ಕಂಬದ ಹತ್ತಿರ ನಿಂತಿದ್ದವನಿಂದ.

ಕೆಂಡ ಹಾಯುವವನು ತನ್ನ ಕಾಲು ಸುಟ್ಟುಕೊಳ್ಳುತ್ತಾನೆ, ಅದರಿಂದ ಪಕ್ಕದಲ್ಲಿ ನಿಂತವರ ಜಾತಿ ಮೇಲೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ಉರುಳುಸೇವೆ ಮಾಡುವವರ ಮೊಣಕೈ ತರಚುತ್ತದೆ, ಅವರ ಮತ್ತು ದೇವರ ನಡುವೆ ಇರುವುದು ಕಲ್ಲು ಚಪ್ಪಡಿ ಅಷ್ಟೇ. ಮಡೆಸ್ನಾನದಲ್ಲಿ ನಡುವೆ ಇನ್ನೊಬ್ಬ ಮನುಷ್ಯನ ಎಂಜಲು ಇದೆ. ಅದರ ಪರವಾಗಿ ಮಾತಾಡುವವರು ಯಾವಾಗಲೂ ಹೇಳುತ್ತಾರೆ, ಎಲ್ಲ ಜಾತಿಯವರೂ ಉರುಳುತ್ತಾರೆ, ಬ್ರಾಹ್ಮಣರೂ ಉರುಳುತ್ತಾರೆ, ಇದರಲ್ಲಿ ಜಾತಿ ಎಲ್ಲಿದೆ ಅಂತ. ಹೌದು, ಉರುಳುವವರು ಎಲ್ಲ ಜಾತಿಯವರೂ ಇದ್ದರು, ಅದು ಸುಳ್ಳಲ್ಲ. ಎಲೆ ಯಾರದು? ಎಲೆ ಮಾತ್ರ ಒಂದೇ ಜಾತಿಯದು. ಮಲೆಕುಡಿಯರು ಉಂಡ ಎಲೆಯ ಮೇಲೆ ಯಾರಾದರೂ ಉರುಳಿದ್ದನ್ನು ಕೇಳಿದ್ದೀರಾ? ಆ ಹುಡುಗ ಒಂಬತ್ತನೇ ವಯಸ್ಸಿಗೇ, ತಾನು ಏನೂ ಮಾಡದೆ, ಬರೀ ಊಟ ಮಾಡಿ ಎದ್ದು, ಔಷಧಿಯಾಗಿಬಿಟ್ಟಿದ್ದ. ನಾನು ಉಂಡ ಎಲೆಯನ್ನು ನನ್ನ ಅಮ್ಮನೇ ಎತ್ತಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು.

ಅವತ್ತು ಅಲ್ಲಿ ಅಮ್ಮ ತನ್ನ ಮೈಯನ್ನು ಮಾತ್ರ ಒಪ್ಪಿಸಲಿಲ್ಲ. ಅವಳಿಗೆ ಗೊತ್ತಿಲ್ಲದ ಹಾಗೆ ನನ್ನನ್ನೂ ಸೇರಿಸಿ ಒಪ್ಪಿಸಿದಳು. ನಾವು ಯಾರು, ಅವರು ಯಾರು ಅನ್ನುವುದನ್ನು ನಾನು ಕಲಿತಿದ್ದು ಅವತ್ತು, ಆ ಬಳೆಯ ಗಂಟು ಹಿಡಿದು ನಿಂತುಕೊಂಡು. ಆ ಹುಡುಗನೂ ಅವತ್ತೇ ಕಲಿತಿರಬೇಕು, ಅವನ ಪಾಲಿಗೆ ಬಂದ ಪಾಠವೂ ಒಳ್ಳೆಯದೇನಲ್ಲ. ಒಬ್ಬರ ಇಷ್ಟ ಅವರೊಬ್ಬರಿಗೇ ಸೇರಿದ್ದಾದರೆ ಅದನ್ನು ಬಿಟ್ಟುಬಿಡೋಣ, ನೂರು ಸಲ ಬಿಡೋಣ. ಆದರೆ ನೋಡುತ್ತಾ ನಿಂತ ಮಕ್ಕಳ ಬೆಲೆಯನ್ನೂ ಅದು ಕಟ್ಟುತ್ತದೆ ಅಂತಾದರೆ, ಅವಳು ಒಪ್ಪಿದ್ದಳು ಅನ್ನುವುದು ಸಾಕಾಗುವುದಿಲ್ಲ. ಯಾಕೆಂದರೆ ನಾನು ಒಪ್ಪಿರಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ.

ಇದೇ ಕಾರಣಕ್ಕೆ ಎಡೆಸ್ನಾನ ಅನ್ನುವ ಮಧ್ಯದ ದಾರಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ದೇವರ ಎಡೆಯಲ್ಲಿ ಯಾರ ಎಂಜಲೂ ಇಲ್ಲ. ಇಷ್ಟ ಇದ್ದವರು ಉರುಳಲಿ, ಅದರಲ್ಲಿ ನಾನು ತಪ್ಪು ಕಾಣಲಾರೆ. ಇದಕ್ಕೆ ನನ್ನ ಚಳವಳಿಯ ಗೆಳೆಯ ನನ್ನ ಮೇಲೆ ಸಿಟ್ಟಾಗಿದ್ದಾನೆ. ಆಗಲಿ.

ಕಾಯ್ದೆ ಸರಿ ಅಂತ ಒಪ್ಪಿದ ಮೇಲೂ, ನಿಲ್ಲಿಸಲು ಹೋಗುವ ರೀತಿಯ ಬಗ್ಗೆ ನನಗೆ ಹೇಳುವುದಿದೆ. ಚಂದ್ರಗುತ್ತಿ ನೆನಪಿದೆ ಅಲ್ವಾ? ಸೊರಬ ತಾಲೂಕು, ರೇಣುಕಾಂಬೆಯ ಬೆಟ್ಟ. ಅಲ್ಲಿ ಜಾತ್ರೆಯಲ್ಲಿ ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟಕ್ಕೆ ನಡೆದುಹೋಗುವ ಸೇವೆ ಇತ್ತು. ಹರಕೆ ಹೊತ್ತು ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ದಲಿತರು, ಹಿಂದುಳಿದವರು. ಕ್ಯಾಮರಾ ಹಿಡಿದು ನೋಡಲು ಬರುತ್ತಿದ್ದವರು ಬೇರೆ. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಕಾರ್ಯಕರ್ತರು ಹೋದರು, ಪೊಲೀಸರೂ ಇದ್ದರು. ಜನ ರೊಚ್ಚಿಗೆದ್ದು ತಡೆಯಲು ಬಂದವರ ಬಟ್ಟೆಯನ್ನೇ ಬಿಚ್ಚಿಸಿದರು, ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅದರ ನಂತರ ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಅಂತ ಪ್ರಶ್ನೆಯನ್ನೇ ತಿರುಗಿಸಿ ಬರೆದರು, ಅದಕ್ಕೆ ಎಷ್ಟೊಂದು ಜನ ಬೈದರು. ನಾನು ಕಾಲೇಜಿನಲ್ಲಿದ್ದಾಗ ಅದನ್ನು ಓದಿ ನನಗೂ ಸಿಟ್ಟು ಬಂದಿತ್ತು. ಈಗ ಅಷ್ಟು ಸಿಟ್ಟಿಲ್ಲ. ನಿಷೇಧ ಬೇಕಿತ್ತು ಅಂತಲೇ ಈಗಲೂ ಅನ್ನುತ್ತೇನೆ, ಆದರೆ ಬೆಟ್ಟ ಹತ್ತುತ್ತಿದ್ದ ಹೆಂಗಸಿನ ಒಳಗೆ ಏನು ನಡೆಯುತ್ತಿತ್ತು ಅಂತ ಕೇಳಿಕೊಂಡ ಒಬ್ಬರಾದರೂ ಇದ್ದರಲ್ಲ ಅನ್ನುವುದು ಮುಖ್ಯ ಅನ್ನಿಸುತ್ತದೆ.

ಅಮ್ಮನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ, ಇಪ್ಪತ್ತೈದು ವರ್ಷ. ಫೋನ್ ಮಾಡಿದ ಆ ದಿನದ ನಂತರ ಊರಿಗೆ ಹೋದಾಗ ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ನಿನ್ನ ಕೈ ನೋಡಕ್ಕೆ ಆಗ್ತಿರ್ಲಿಲ್ಲ," ಅಂದಳು. "ದುಡ್ಡಿಲ್ಲ, ಓದಿಲ್ಲ, ನನ್ನ ಹತ್ರ ಇದ್ದಿದ್ದು ಮೈ ಒಂದೇ. ಅದನ್ನೇ ಕೊಟ್ಟೆ." ಅಷ್ಟೇ ಹೇಳಿ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಮಾಡುತ್ತಾ ಕೂತಳು.

ಇದನ್ನು ಕೇಳಿದ ಮೇಲೆ ನನಗೆ ನಿಷೇಧದ ಬಗ್ಗೆ ಇನ್ನೊಂದು ಸಿಟ್ಟು ಹುಟ್ಟಿತು, ಅದು ಕಾಯ್ದೆಯ ಮೇಲಿನ ಸಿಟ್ಟಲ್ಲ. ಎಲೆಯನ್ನು ಕಿತ್ತುಕೊಂಡಿರಿ, ಸರಿ. ಆ ಮಗುವಿನ ಕೈಗೆ ಏನು ಕೊಟ್ಟಿರಿ? ಹಾಸನದವರೆಗೆ ಹೋಗದೆ ಚರ್ಮದ ಡಾಕ್ಟರರು ಸಿಗುವ ಹಾಗೆ ಮಾಡಿದ್ದರೆ ನನ್ನ ಅಮ್ಮ ಘಾಟಿ ಇಳಿಯುತ್ತಿದ್ದಳಾ? ಗೊತ್ತಿಲ್ಲ, ಬಹುಶಃ ಡಾಕ್ಟರ್ ಹತ್ತಿರವೂ ಹೋಗಿ ಹರಕೆಯನ್ನೂ ಹೊರುತ್ತಿದ್ದಳು. ಆದರೆ ಆಗ ಅದು ಅವಳು ಆರಿಸಿಕೊಂಡಿದ್ದು ಅಂತ ನಾನು ಧೈರ್ಯವಾಗಿ ಹೇಳಬಹುದಿತ್ತು. ದಾರಿ ಎರಡಿದ್ದಾಗ ಒಂದನ್ನು ಹಿಡಿಯುವುದಕ್ಕೂ, ಇರುವ ಒಂದೇ ದಾರಿಯಲ್ಲಿ ಖುಷಿಯಿಂದ ನಡೆಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನನ್ನ ಕೈ ಕೊನೆಗೆ ಹದಕ್ಕೆ ಬಂದಿದ್ದು ಪಿಯುಸಿ ಹೊತ್ತಿಗೆ. ಕಾಲೇಜಿಗೆ ಹಾಸನದಲ್ಲಿ ಇದ್ದೆ, ಚರ್ಮದ ಡಾಕ್ಟರರೊಬ್ಬರು ಹತ್ತು ನಿಮಿಷ ನೋಡಿ, ಸೋಪು ಬದಲಿಸಲು ಹೇಳಿ, ಒಂದು ಮುಲಾಮು, ಕೈಗೆ ಹಚ್ಚಲು ಎಣ್ಣೆಯಂಥದ್ದು ಬರೆದುಕೊಟ್ಟರು. ಇದು ಅಂಟುವ ಕಾಯಿಲೆ ಅಲ್ಲ ಅಂದರು. ಅವತ್ತು ನಾನು ಶಾಲೆಯ ಆ ಬೇರೆ ಲೋಟವನ್ನು ನೆನೆದು ಬಸ್ ಸ್ಟ್ಯಾಂಡಿನಲ್ಲಿ ಅತ್ತೆ. ಅಮ್ಮ ಮಾತ್ರ, ಹರಕೆ ಫಲಿಸಲು ಹೊತ್ತು ಹಿಡಿಯಿತು ಅಷ್ಟೇ, ಅನ್ನುತ್ತಾಳೆ. ಈ ವಿಷಯದಲ್ಲಿ ನಾನು ಅವಳ ಜೊತೆ ವಾದ ಮಾಡುವುದಿಲ್ಲ.

ಒಳಗಿನಿಂದಲೇ ನಿಂತಿದ್ದೂ ಇದೆ. 2018ರಲ್ಲಿ ಉಡುಪಿಯ ಕೃಷ್ಣಮಠದಲ್ಲಿ ಆಗ ಪರ್ಯಾಯದಲ್ಲಿದ್ದ ಪಲಿಮಾರು ಮಠದ ಸ್ವಾಮೀಜಿ ಮಡೆಸ್ನಾನದ ಜೊತೆಗೆ ಎಡೆಸ್ನಾನವನ್ನೂ ನಿಲ್ಲಿಸಿದರು. ಆ ಸುದ್ದಿಯನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಾಮಿಗಳೇ ಬೇಡ ಅಂದ್ರಾ, ಹಾಗಾದ್ರೆ ಸರಿ ಬಿಡು, ಅಂದಳು. ಸರ್ಕಾರ ಹೇಳಿದಾಗ ಬಾರದ ಒಪ್ಪಿಗೆ ಒಂದೇ ನಿಮಿಷದಲ್ಲಿ ಬಂತು. ಇದು ನನಗೆ ಖುಷಿ ಕೊಡಬೇಕಿತ್ತು, ಕೊಡಲಿಲ್ಲ. ಬೇಡ ಅನ್ನುವ ಮಾತೂ ಅವಳಿಗೆ ಅದೇ ಎಲೆಯ ಕಡೆಯಿಂದಲೇ ಬರಬೇಕಾಯಿತಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದೆನಲ್ಲ. ನನ್ನ ತಂಗಿಯ ಮಗಳಿಗೆ ಆರು ವರ್ಷ. ಹೋದ ಮಳೆಗಾಲದಲ್ಲಿ ಅವಳ ಅಂಗೈಯಲ್ಲೂ ಅದೇ ಬಿರುಕು ಶುರುವಾಯಿತು. ಮನೆತನದಲ್ಲಿ ಬರುವಂಥದ್ದು. ತಂಗಿ ಬೆಂಗಳೂರಿನಲ್ಲಿದ್ದಾಳೆ, ಮಾರನೇ ದಿನವೇ ಡಾಕ್ಟರರಿಗೆ ತೋರಿಸಿದಳು, ಮುಲಾಮು ಹಚ್ಚುತ್ತಿದ್ದಾಳೆ, ಸುಮಾರು ಕಮ್ಮಿಯಾಗಿದೆ. ದೀಪಾವಳಿಗೆ ಊರಿಗೆ ಹೋದಾಗ ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಸಣ್ಣ ಗಂಟು ಕಂಡಿತು. ಮುಡಿಪು. ಇದೇನಮ್ಮಾ ಅಂದೆ.

ಉರುಳುಸೇವೆಯ ಹರಕೆಯಂತೆ. ಎಲೆಯ ಮೇಲಲ್ಲ, ಬರೀ ಕಲ್ಲಿನ ಮೇಲೆ, ದೇವಸ್ಥಾನದ ಸುತ್ತ ಒಂದು ಸುತ್ತು. ಕಾನೂನು ಇದನ್ನು ಮುಟ್ಟುವುದಿಲ್ಲ, ನಾನೂ ಮುಟ್ಟಬಾರದು ಅಂತ ಈಗ ತಾನೇ ಇಷ್ಟುದ್ದ ಬರೆದೆ. ಆದರೆ ಅಮ್ಮನ ಮಂಡಿ ಎರಡೂ ಸವೆದಿವೆ, ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು.

"ನನ್ನ ಕೈಲಿ ಆಗಲ್ಲ," ಅಂದಳು. "ನಿನ್ನ ಹೆಸರಲ್ಲಿ ಹೊತ್ತಿದ್ದೀನಿ. ನಿಂಗೆ ನಾನು ಮಾಡಿಲ್ವಾ, ಅವಳಿಗೆ ನೀನು ಮಾಡು."

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಅದು ಅವಳಿಗೂ ಗೊತ್ತು. ಬೇಡ ಅನ್ನಲು ನನ್ನನ್ನು ಯಾರೂ ತಡೆಯುವುದಿಲ್ಲ, ಊರು ಹೊರಗಿಡುವುದಿಲ್ಲ, ಕೂಲಿ ತಪ್ಪುವುದಿಲ್ಲ. ನನ್ನ ಹಾಗೆ ಬೇಡ ಅನ್ನುವ ಸ್ವಾತಂತ್ರ್ಯ ಇರುವ ಮನುಷ್ಯ ನಮ್ಮ ಮನೆತನದಲ್ಲಿ ಇದಕ್ಕೆ ಮುಂಚೆ ಹುಟ್ಟಿರಲಿಲ್ಲ. ಆದರೂ ಆ ಹೊತ್ತು ಬಾಯಿಗೆ ಮಾತು ಬರಲಿಲ್ಲ. ನೋಡೋಣ ಅಂದೆ. ಅವಳು ಹೂಂ ಅಂದು ದೀಪಕ್ಕೆ ಎಣ್ಣೆ ಹಾಕಿದಳು. ಬರುವ ಚಂಪಾಷಷ್ಠಿಗೆ ಅಂತ ಹೊತ್ತಿದ್ದಾಳೆ. ತಂಗಿ ದಿನಾ ಮಗುವಿನ ಅಂಗೈಯ ಫೋಟೋ ಕಳಿಸುತ್ತಾಳೆ, ನಾನು ದೊಡ್ಡದು ಮಾಡಿ ಬೆರಳಿನ ಸಂದಿಗಳನ್ನು ನೋಡುತ್ತೇನೆ. ಗಂಟು ಇನ್ನೂ ಗೂಡಿನಲ್ಲೇ ಇದೆ.